ಹಸಿರಾಗಿ ಹೊಳೆದ ಗುಳ್ಳೆ

ಹತ್ತು ಗಂಟೆಗೆ ನನ್ನ ಕೋಣೆಗೆ ಬನ್ನಿ, ಮಲ್ಲಣ್ಣನನ್ನೂ ಕರೆಸಿದ್ದೇನೆ ಎಂಬ ಡಾಕ್ಟರ್ ಯಶವಂತರ ಸಂದೇಶ ಮೊಬೈಲಿಗೆ ಬಂದಾಗ ಶಾಂತಕುಮಾರ ಮೆಹದಿಪಟ್ಟಣಂ ನಿಲ್ದಾಣದಲ್ಲಿ ನಿಂತು, ಗಚ್ಚಿಬೌಲಿ ಬಸ್ಸಿನ ಬಾಗಿಲಿಗೆ ಮುಗಿಬಿದ್ದ ಜನರನ್ನು ಅಸಹ್ಯದಿಂದ ನೋಡುತ್ತಿದ್ದ. ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ಮೊಣಕೈಯಿಂದ ಮುದುಕಿಯೊಬ್ಬಳನ್ನು ಬದಿಗೆ ತಳ್ಳಿ ಒಳಗೆ ತೂರಿಕೊಂಡ. ಇನ್ನೊಬ್ಬ ತಾನು ಆಗಲೇ ಮಾದಾಪುರ ಮುಟ್ಟಿದ್ದೇನೆ ಎಂದು ಫೋನಿನಲ್ಲಿ ಯಾರಿಗೋ ತೆಲುಗಿನಲ್ಲಿ ಸುಳ್ಳು ಹೇಳುತ್ತ ಇನ್ನೂ ಇಲ್ಲೇ ಕೆಳಗೆ ನಿಂತಿದ್ದ. ನಾನೂರು ಕೋಟಿ ವರ್ಷ ಹೆಣಗಾಡಿ ಭೂಮಿ ತಯಾರು ಮಾಡಿದ ಮಾಲು ಇದು ಅಂದುಕೊಂಡ ಶಾಂತಕುಮಾರ. ಹಾಗೆ ಅಂದುಕೊಂಡರೆ ದಿನವೂ ಸ್ವಲ್ಪ ಹಿತವಾಗುತ್ತಿತ್ತು, ಇವತ್ತು ಆಗಲಿಲ್ಲ. ಮಲ್ಲಣ್ಣ ಸಂಶೋಧನಾ ಸಂಸ್ಥೆಯ ಅಟೆಂಡರ್. ಅವನನ್ನು ಕರೆಸಿರುವುದು ಕೆಲಸದಿಂದ ತೆಗೆಯಲಿಕ್ಕೆ. ಅವನು ಮಾಡದ ತಪ್ಪಿಗೆ. ಮಾಡಿದವನು ಯಾರು ಅನ್ನುವುದು ಭೂಮಿಯ ಮೇಲೆ ಒಬ್ಬನಿಗೇ ಗೊತ್ತಿತ್ತು, ಆ ಒಬ್ಬ ಈಗ ಬಸ್ಸು ಹತ್ತಿ, ಯಾರದೋ ಊಟದ ಡಬ್ಬಿ ಪಕ್ಕೆಗೆ ಚುಚ್ಚುತ್ತಿದ್ದರೂ ಸುಮ್ಮನೆ ನಿಂತ.

ಯಶವಂತರ ಪ್ರಯೋಗ ಕೇಳಲಿಕ್ಕೆ ಭಾರಿ: ಭೂಮಿಯ ಮೇಲೆ ಮೊದಲ ಜೀವಕೋಶ ಹುಟ್ಟಿದ್ದು ಹೇಗೆ. ನೋಡಲಿಕ್ಕೆ ಹೋದರೆ ಮಣ್ಣೂ ಇಲ್ಲ. ತೂತುಗಳಿರುವ ಒಂದು ಅಲ್ಯೂಮಿನಿಯಂ ಗಟ್ಟಿ, ಎಲ್ಲರೂ ಬ್ಲಾಕ್ ಅನ್ನುವುದು. ಅದರ ತೂತುಗಳಲ್ಲಿ ಬಾಯಿ ತೆರೆದ ಗಾಜಿನ ಟ್ಯೂಬುಗಳು. ಟ್ಯೂಬಿನಲ್ಲಿ ಚೂರು ಕೊಬ್ಬಿನ ಆಮ್ಲ, ಆರ್‌ಎನ್‌ಎಯ ಬಿಡಿ ತುಣುಕುಗಳು. ಕಾಯಿಸಿ ಒಣಗಿಸುವುದು, ನೀರು ಹನಿಸುವುದು, ಮತ್ತೆ ಒಣಗಿಸುವುದು. ಆದಿಕಾಲದ ಬಿಸಿನೀರಿನ ಹೊಂಡಗಳ ದಂಡೆಯಲ್ಲಿ ಹೀಗೇ ಆಗಿರಬೇಕಂತೆ. ಬಿಸಿಲಿಗೆ ಒಣಗಿದಾಗ ಕೊಬ್ಬು ಪದರಪದರವಾಗಿ ಕೂತು, ಪದರಗಳ ನಡುವೆ ತುಣುಕುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾಗಿ, ನೀರು ತಾಗಿದಾಗ ಪದರ ಸುತ್ತಿಕೊಂಡು ಗುಳ್ಳೆಯಾಗಿ, ಸರಪಳಿ ಅದರೊಳಗೆ ಸಿಕ್ಕಿಬಿದ್ದು. ಲಕ್ಷಾಂತರ ಗುಳ್ಳೆ ಒಡೆದು ಹೋದ ಮೇಲೆ ಯಾವುದೋ ಒಂದರೊಳಗಿನ ಸರಪಳಿ ತನ್ನ ನಕಲು ತಾನೇ ತೆಗೆಯುವುದನ್ನು ಕಲಿತಿತು, ಗುಳ್ಳೆ ಉಬ್ಬಿ ಎರಡಾಯಿತು, ಹೆಚ್ಚು ಚೆನ್ನಾಗಿ ನಕಲು ತೆಗೆದದ್ದು ಉಳಿಯಿತು, ಮಿಕ್ಕದ್ದು ಹೋಯಿತು, ಹೀಗೆ ಡಾಕ್ಟರ್ ಯಶವಂತರ ತನಕ. ಒಟ್ಟಿನಲ್ಲಿ ಒಂದು ಸಾಬೂನಿನ ಗುಳ್ಳೆ ಬಾಯಿ ಮುಚ್ಚಿಕೊಂಡು, ಒಳಗಿದ್ದದ್ದನ್ನು ಹೊರಗೆ ಬಿಡದೆ ಇಟ್ಟುಕೊಂಡಿತು. ಅದನ್ನೇ ಜೀವ ಅನ್ನುತ್ತಾರೆ. ಇಷ್ಟಕ್ಕೆ ದೆಹಲಿಯಿಂದ ಅನುದಾನ, ಜಪಾನಿಗೆ ಪ್ರಯಾಣ, ಕೋಣೆಗೆ ಎಸಿ. ನೀರು ಹನಿಸುವವನು ಮಾತ್ರ ಶಾಂತಕುಮಾರ. ಬೆಳಿಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ. ಭಾನುವಾರವೂ, ಹಬ್ಬಕ್ಕೂ.

ಇಪ್ಪತ್ತೆರಡು ವರ್ಷದಿಂದ ಅವನು ಅಲ್ಲಿ ತಾಂತ್ರಿಕ ಸಹಾಯಕ. ಊರಲ್ಲಿ, ಬಸವಕಲ್ಯಾಣದಲ್ಲಿ, ವಿಜ್ಞಾನಿ ಅಂತಲೇ ತಿಳಿದುಕೊಂಡಿದ್ದಾರೆ, ಅವನು ತಿದ್ದಲು ಹೋಗಿಲ್ಲ. ಅವನ ಕೈಯಲ್ಲಿ ಪಳಗಿದ ಹುಡುಗ ಹುಡುಗಿಯರು ಹದಿನಾರು ಮಂದಿ ಪಿಎಚ್‌ಡಿ ಮಾಡಿಕೊಂಡು ಹೋದರು. ಪ್ರತಿಯೊಬ್ಬರ ಪ್ರಬಂಧದ ಕೊನೆಯ ಪುಟದಲ್ಲಿ, ಕರೆಂಟು ಕೊಟ್ಟವರು ಜಾಗ ಕೊಟ್ಟವರ ಸಾಲಿನಲ್ಲಿ, ಅವನಿಗೂ ಒಂದು ವಂದನೆ. ಒಬ್ಬಳು ಹೆಸರನ್ನು ಶಾಂತರಾಮ ಅಂತ ಬರೆದಿದ್ದಳು. ಆ ಪುಟವನ್ನು ಅವನ ಹೆಂಡತಿ ಸ್ನೇಹಲತಾ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದಳು, ಬೇರೆ ಯಾರದೋ ಹೆಸರು ಅಂತ ಗೊತ್ತಿದ್ದೂ. ಹೋದ ವರ್ಷ ಜೂನ್‌ನಲ್ಲಿ ಯಶವಂತರು, ಮೈಸೂರಿನವರು, ಬೆಣ್ಣೆಯಲ್ಲಿ ಕೂದಲು ತೆಗೆದಂಥ ಮಾತಿನವರು, ಈ ಸಲ ಫಲಿತಾಂಶ ಬಂದರೆ ಲೇಖಕರ ಸಾಲಿನಲ್ಲೇ ನಿಮ್ಮ ಹೆಸರು ಹಾಕೋಣ ಶಾಂತಕುಮಾರ್, ಮೂರನೆಯದು, ಅಂದರು. ನಾಯಿಗೆ ಬಿಸ್ಕತ್ತು ತೋರಿಸಿದ ಹಾಗೆ ತೋರಿಸಿದರು ಎಂದು ಅವನಿಗೆ ಸಿಟ್ಟು ಬಂತು. ಅವತ್ತು ಸಂಜೆ ಮನೆಗೆ ಹೋಗುವಾಗ ಕೋಠಿಯಲ್ಲಿ ಇಳಿದು, ಹಳೆ ಪುಸ್ತಕದ ಸಾಲಿನಲ್ಲಿ ಕಾರಣವಿಲ್ಲದೆ ಒಂದು ತಾಸು ಅಡ್ಡಾಡಿದ, ಪುಸ್ತಕಗಳ ಬೆನ್ನಿನ ಮೇಲೆ ಅಚ್ಚಾದ ಹೆಸರುಗಳನ್ನಷ್ಟೇ ನೋಡುತ್ತ. ಆಸೆ ಅನ್ನುವುದು ಎಷ್ಟು ಕೀಳು ಅಂತ ಅವನಿಗೆ ಅವತ್ತೇ ಗೊತ್ತಾಗಿತ್ತು.

ಟೋಲಿಚೌಕಿಯಲ್ಲಿ ಬಸ್ಸು ನಿಂತಿತು. ಪಕ್ಕದ ಸೀಟಿನವನು ಇಳಿದ, ಆ ಜಾಗದಲ್ಲಿ ಶಾಂತಕುಮಾರ ಕೂತ. ಡ್ರೈವರನ ಮುಂದಿನ ಗಾಜಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿತ್ತು, ಬಾಡಿ ಕಪ್ಪಾಗಿತ್ತು. ಇಂಥದನ್ನು ಕಂಡರೆ ಶಾಂತಕುಮಾರನ ತುಟಿ ತಾನಾಗಿಯೇ ಕೊಂಕುತ್ತಿತ್ತು. ಗಣಪತಿ ಪ್ರಸಾದ ಕೊಡಲು ಬಂದವರಿಗೆ ಅವನು, ಇದನ್ನು ತಿಂದರೆ ಟ್ಯೂಬಿನಲ್ಲಿ ಜೀವ ಬರುತ್ತದೆಯೇ ಎಂದು ಕೇಳಿ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದ. ಪ್ರತಿ ಆಯುಧಪೂಜೆಗೆ ಮಲ್ಲಣ್ಣ ಅರಿಶಿನ ಕುಂಕುಮದ ತಟ್ಟೆ ಹಿಡಿದು ಕಟ್ಟಡವೆಲ್ಲ ತಿರುಗುವವನು, ಪ್ರಯೋಗ ನಡೆಯುವ ನಾಲ್ಕನೇ ಲ್ಯಾಬಿನ ಬಾಗಿಲಿಗೆ ಬಂದರೆ ಶಾಂತಕುಮಾರ ಎಲ್ಲರ ಎದುರಿಗೆ, ಒಳಗ ಕಾಲಿಟ್ಟರ ನೋಡು, ಮಷೀನಿಗೆ ಬಳೀಲಿಕ್ಕೆ ಇದೇನು ಮಾರಿಗುಡಿಯೇನು ಎಂದು ಜಾಡಿಸುತ್ತಿದ್ದ. ಹುಡುಗರು ನಗುತ್ತಿದ್ದರು. ಮಲ್ಲಣ್ಣ ಹಣೆಯ ವಿಭೂತಿ ಒರೆಸಿಕೊಂಡವನ ಹಾಗೆ ಒಮ್ಮೆ ಕೈ ಆಡಿಸಿ, ಆತ್ರಿ ಸಾಹೇಬ್ರ ಎಂದು ಹಿಂದಕ್ಕೆ ಹೋಗುತ್ತಿದ್ದ. ಆ ನಗುವೇ ಶಾಂತಕುಮಾರನಿಗೆ ಅಲ್ಲಿದ್ದ ಒಂದೇ ಮರ್ಯಾದೆ. ಪಿಎಚ್‌ಡಿ ಇಲ್ಲದಿದ್ದರೇನು, ವೈಚಾರಿಕತೆ ಅಂದರೆ ಶಾಂತಕುಮಾರ್ ಸರ್ ಅನ್ನುತ್ತಿದ್ದರು.

ಹೋದ ಸಲದ ಆಯುಧಪೂಜೆ ದಿನ ಕಟ್ಟಡ ಖಾಲಿ. ಹನ್ನೆರಡರ ನೀರು ಹನಿಸಲು ಬಂದವನು ಮೆಟ್ಟಿಲ ಬುಡದಲ್ಲಿ, ಜನರೇಟರ್ ಕೋಣೆಯ ಕಟ್ಟೆಯ ಮೇಲೆ, ಮಲ್ಲಣ್ಣ ಬಿಟ್ಟುಹೋದ ತಟ್ಟೆಯನ್ನು ಕಂಡ. ಎರಡು ವರ್ಷವಾಗಿತ್ತು ಟ್ಯೂಬುಗಳಲ್ಲಿ ಏನೂ ಆಗದೆ. ಪ್ರಯೋಗ ಮಾಡುತ್ತಿದ್ದ ಪೂರ್ವಿ, ಕುಂದಾಪುರದ ಹುಡುಗಿ, ಹಿಂದಿನ ವಾರವಷ್ಟೇ ಬೀಕರು ತೊಳೆಯುವ ನೆಪದಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಅವಳಿಗಾಗಿ ಮಾಡಿದೆ ಅಂತ ಆಮೇಲೆ ಎಷ್ಟೋ ಸಲ ಮನಸ್ಸಿಗೆ ಹೇಳಿ ನೋಡಿದ್ದ, ಮನಸ್ಸು ಒಪ್ಪಿರಲಿಲ್ಲ. ಮೂರನೆಯ ಹೆಸರು. ಅಷ್ಟೇ. ಅರಿಶಿನ ಎರಡು ಬೆರಳಲ್ಲಿ ಎತ್ತಿಕೊಂಡು, ಕಳ್ಳನ ಹಾಗೆ ಮೆಟ್ಟಿಲು ಹತ್ತಿ, ಬ್ಲಾಕಿನ ಎದುರು ಚಪ್ಪಲಿ ಬಿಟ್ಟು ನಿಂತ. ಚಪ್ಪಲಿ ಬಿಟ್ಟದ್ದು ನೆನಪಾದಾಗ ಈಗಲೂ ಮೈ ಉರಿಯುತ್ತದೆ. ಬ್ಲಾಕಿನ ಮೇಲೆ, ಟ್ಯೂಬುಗಳ ಸಾಲಿನ ನಡುವೆ, ನೀರಿಗೆ ಅದ್ದಿದ ಬೆರಳಿನಿಂದ ಮೂರು ಗೆರೆ ಎಳೆದ. ಅವ್ವ ಬೀಸುವ ಕಲ್ಲಿಗೆ ಎಳೆಯುತ್ತಿದ್ದ ಹಾಗೆ. ಕೈ ಮುಗಿದನೋ ಇಲ್ಲವೋ ನೆನಪಿಲ್ಲ ಅಂದುಕೊಳ್ಳುತ್ತಾನೆ, ಮುಗಿದದ್ದು ಚೆನ್ನಾಗಿ ನೆನಪಿದೆ. ಆಮೇಲೆ ಕಾರಿಡಾರಿನಲ್ಲಿ ಏನೋ ಸದ್ದಾಯಿತು. ನಾಚಿಕೆ ನೆತ್ತಿಗೇರಿ, ಬೇಗ ಬೇಗ ಹತ್ತಿಗೆ ಸ್ಪಿರಿಟ್ ಸುರಿದು ಬ್ಲಾಕನ್ನು ಒರೆಸಿದ. ಅರಿಶಿನ ನೀರಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಅದು ಅವನಿಗೆ ಗೊತ್ತಿದ್ದ ಸಂಗತಿ, ಇಪ್ಪತ್ತೆರಡು ವರ್ಷ ಹುಡುಗರಿಗೆ ಹೇಳಿಕೊಟ್ಟ ಸಂಗತಿ. ಹಳದಿ ಹನಿಗಳು ಬಾಯಿ ತೆರೆದ ಟ್ಯೂಬುಗಳೊಳಗೆ ಇಳಿದಿರಬೇಕು. ಅವನು ನೋಡಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದ.

ಮೂರು ವಾರಕ್ಕೆ ಗುಳ್ಳೆಗಳು ಹಸಿರಾಗಿ ಹೊಳೆದವು. ಒಳಗೆ ಸರಪಳಿ ಸಿಕ್ಕಿಬಿದ್ದಿದ್ದರೆ, ಹಾಕಿದ ಬಣ್ಣ ಅದಕ್ಕೆ ಅಂಟಿಕೊಂಡು, ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯಬೇಕು, ಹಾಗೇ ಹೊಳೆದವು. ಪಕ್ಕದ ಬ್ಲಾಕಿನಲ್ಲಿದ್ದ, ಹೋಲಿಸಿ ನೋಡಲು ಇಟ್ಟ ಟ್ಯೂಬುಗಳು ಕಪ್ಪಾಗೇ ಇದ್ದವು. ಇನ್ನೇನು ಬೇಕು. ಪೂರ್ವಿ ಕೂಗಿಕೊಂಡು ಓಡಿಬಂದಳು, ಯಶವಂತರು ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಐದು ನಿಮಿಷ ಎತ್ತಲಿಲ್ಲ, ಎತ್ತಿದಾಗ ಕಣ್ಣು ತೇವವಾಗಿದ್ದವು, ಖುಬಾನಿ ಕಾ ಮೀಠಾ ತರಿಸಿದರು. ಶಾಂತಕುಮಾರನೂ ನೋಡಿದ. ಕತ್ತಲಲ್ಲಿ ಸಣ್ಣ ಸಣ್ಣ ಹಸಿರು ಉಂಗುರಗಳು, ಎಷ್ಟು ಚೆನ್ನಾಗಿದ್ದವು ಅಂದರೆ ಒಂದು ಗಳಿಗೆ ಅವನೂ ನಂಬಿದ. ಮರುಗಳಿಗೆಗೆ ಬ್ಲಾಕಿನ ಮೇಲೆ ಎಳೆದ ಮೂರು ಗೆರೆ ನೆನಪಾಯಿತು. ಅರಿಶಿನವೂ ನೀಲಿ ಬೆಳಕಿಗೆ ಹಸಿರಾಗಿಯೇ ಹೊಳೆಯುತ್ತದೆ, ಕೊಬ್ಬಿನ ಪದರ ಸಿಕ್ಕರೆ ಅದರಲ್ಲೇ ಹೋಗಿ ಕೂರುತ್ತದೆ. ಅವನು ಬಾಯಿ ತೆರೆದದ್ದು ಸಿಹಿ ತಿನ್ನಲಿಕ್ಕೆ. ಡಿಸೆಂಬರಿನಲ್ಲಿ ಲೇಖನ ಹೋಯಿತು. ಮೂರನೆಯ ಹೆಸರು ಅವನದು, ಕಾಗುಣಿತ ಸರಿಯಾಗಿತ್ತು.

ಆ ತಿಂಗಳೇ ಹೊಸ ಬ್ಲಾಕ್ ಬಂತು. ಅದರಲ್ಲಿ ಪೂರ್ವಿ ನಾಲ್ಕು ಸಲ ಮಾಡಿದಳು, ನಾಲ್ಕು ಸಲವೂ ಕಪ್ಪು. ಬೇರೆ ಯಾರಾದರೂ ಆಗಿದ್ದರೆ ಮೊದಲನೆಯದನ್ನೇ ಅಪ್ಪಿಕೊಂಡು ಕೂರುತ್ತಿದ್ದರು. ಈ ಹುಡುಗಿ, ಯಾವ ಊರಿನ ಹಠವೋ, ಮೂಲೆಗೆ ಬಿದ್ದಿದ್ದ ಹಳೆ ಬ್ಲಾಕನ್ನು ಮೊನ್ನೆ ಶನಿವಾರ ಹೊರಗೆಳೆದು ಬ್ಯಾಟರಿ ಬಿಟ್ಟು ನೋಡಿದಳು. ತೂತುಗಳ ಅಂಚಿನಲ್ಲಿ ತೆಳ್ಳಗೆ ಹಳದಿ. ಗೇಟಿನ ಹೊರಗಿನ ಪಾನ್ ಡಬ್ಬಾಕ್ಕೆ ಹೋಗಿ ಸುಣ್ಣ ತಂದಳು, ಒದ್ದೆ ಹತ್ತಿಗೆ ಸವರಿ ತೂತಿನ ಅಂಚಿಗೆ ಒತ್ತಿದಳು. ಕೆಂಪಾಯಿತು. ಮನೆಯಲ್ಲಿ ಆರತಿ ತಟ್ಟೆ ಮಾಡಿದ ಯಾವ ಹೆಂಗಸಿಗೂ ಗೊತ್ತಿರುವ ಪರೀಕ್ಷೆ. “ಎಂತ ಸರ್ ಇದು, ಅರಿಶಿನ” ಅಂದಳು. ಅಳಲಿಲ್ಲ. ಕೆಂಪು ಹತ್ತಿಯನ್ನು ಒಂದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಳು. “ಲೇಖನ ವಾಪಸ್ ತಗೊಳ್ಳಬೇಕು. ಇವತ್ತೇ ಯಶವಂತ್ ಸರ್‌ಗೆ ಹೇಳ್ತೇನೆ.” ಆಮೇಲೆ, “ಇದು ಮಲ್ಲಣ್ಣನ ಕೆಲಸ ಅಲ್ವಾ ಸರ್?” ಅಂದಳು. ಶಾಂತಕುಮಾರ ಪಿಪೆಟ್ ಒರೆಸುತ್ತಿದ್ದ. “ಇರಬಹುದು” ಅಂದ.

ಆ ಒಂದು ಮಾತು ಭಾನುವಾರವಿಡೀ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವನಾದರೂ ಮೇಲು, ಇವನು ಪಕ್ಕದವನ ಹೆಗಲು ತೋರಿಸಿದ್ದ. ಮಲ್ಲಣ್ಣನದು ಏಜೆನ್ಸಿ ಮೂಲಕ ಬಂದ ಕೆಲಸ, ಇಪ್ಪತ್ತೊಂದು ವರ್ಷವಾದರೂ ಕಾಯಂ ಆಗಿಲ್ಲ. ಮಾನ್ವಿ ಕಡೆಯವನು, ಊರಲ್ಲಿ ಈಗ ಯಾರೂ ಇಲ್ಲ. ಅವನೂ ಹೆಂಡತಿ ಸುಂದರಾಬಾಯಿಯೂ ಜನರೇಟರ್ ಹಿಂದಿನ ಒಂಟಿ ಕೋಣೆಯಲ್ಲಿ ಇರುತ್ತಾರೆ; ಕೆಲಸ ಹೋದರೆ ಕೋಣೆಯೂ ಹೋಗುತ್ತದೆ. ಹೇಳಿಬಿಡುತ್ತೇನೆ ಅಂತ ಶಾಂತಕುಮಾರ ಇವತ್ತು ಬೆಳಿಗ್ಗೆ ಗಡ್ಡ ಹೆರೆಯುವಾಗ ತೀರ್ಮಾನ ಮಾಡಿದ್ದ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ ಅಂತ ಹುಡುಗರು ಆಡಿಕೊಳ್ಳಲಿ. ನಗಲಿ. ಬಸ್ಸಿಳಿದು ಗೇಟಿನ ಕಡೆ ನಡೆಯುವಾಗ ಆ ನಗು ಕಿವಿಯಲ್ಲಿ ಮೊಳಗಿ, ಹೆಜ್ಜೆ ತಾನಾಗಿಯೇ ಚಿಕ್ಕದಾಯಿತು.

ಯಶವಂತರ ಕೋಣೆಯಲ್ಲಿ ಕುರ್ಚಿ ಖಾಲಿಯಿದ್ದರೂ ಮಲ್ಲಣ್ಣ ನಿಂತೇ ಇದ್ದ. ಪೂರ್ವಿ ಕಿಟಕಿಯ ಹತ್ತಿರ ಕೂತಿದ್ದಳು.

“ಮಲ್ಲಣ್ಣ, ಆಯುಧಪೂಜೆ ದಿನ ನಾಲ್ಕನೇ ಲ್ಯಾಬಿಗೆ ಹೋಗಿದ್ರಾ?” ಯಶವಂತರು ಕೇಳಿದರು.

“ಇಲ್ರಿ ಸಾಹೇಬ್ರ.”

“ಜನರೇಟರಿಗೆ ಪೂಜೆ ಮಾಡಿದ್ರಲ್ಲ.”

“ಮಾಡೇನ್ರಿ. ಲಿಫ್ಟಿಗಿ ಮಾಡೇನಿ, ನೀರಿನ ಮೋಟರಿಗಿ ಮಾಡೇನಿ, ನಿಮ್ಮ ಕಾರಿಗೂ ಮಾಡೇನಿ, ನೀವ ಕೀಲಿ ಕೊಟ್ಟಿದ್ರಿ. ನಾಕನೇ ಲ್ಯಾಬಿಗಿ ಹೋಗಿಲ್ರಿ. ಈ ಸಾಹೇಬ್ರು ಬ್ಯಾಡ ಅಂದಿದ್ರು.”

ಯಶವಂತರು ಕಾರಿನ ಮಾತಿಗೆ ಸ್ವಲ್ಪ ಕೆಮ್ಮಿದರು. “ಆ ಲ್ಯಾಬಿನ ಕೀ ಯಾರ್ಯಾರ ಹತ್ರ ಇರುತ್ತೆ?”

“ನನ್ನ ಕಡೆ ಒಂದೈತಿ. ಈ ಸಾಹೇಬ್ರ ಕಡೆ ಒಂದೈತಿ.”

ಯಶವಂತರು ಶಾಂತಕುಮಾರನ ಕಡೆ ನೋಡಿ ಸಣ್ಣಗೆ ನಕ್ಕರು, ನೋಡಿ, ತಾನೇ ಒಪ್ಪಿಕೊಂಡ ಅನ್ನುವ ಹಾಗೆ. ಜಗತ್ತಿನ ಮೊದಲ ಜೀವಕೋಶದ ತನಕ ಹಿಂದಕ್ಕೆ ಲೆಕ್ಕ ಹಾಕಬಲ್ಲ ಮನುಷ್ಯ, ಎರಡು ಕೀಲಿಯಲ್ಲಿ ಎರಡನೆಯದರ ಕಡೆಗೆ ತಿರುಗಿಯೂ ನೋಡಲಿಲ್ಲ. ಹೊರಗೆ ಕೂತಿರಿ ಎಂದು ಮಲ್ಲಣ್ಣನನ್ನು ಕಳಿಸಿದರು. ಮಲ್ಲಣ್ಣ ಬಾಗಿಲಲ್ಲಿ ನಿಂತು, “ಖರೇ ಹೇಳಾಕತ್ತೀನ್ರಿ, ನಾ ಹಚ್ಚಿಲ್ರಿ” ಅಂದ. ಬಾಗಿಲು ಮುಚ್ಚಿತು.

“ನಿರ್ದೇಶಕರಿಗೆ ಇವತ್ತು ವರದಿ ಹೋಗಬೇಕು” ಅಂದರು ಯಶವಂತರು. “ತಪ್ಪು ಹೇಗಾಯ್ತು, ಯಾರಿಂದ ಆಯ್ತು, ನಾವೇನು ಕ್ರಮ ತಗೊಂಡ್ವಿ. ಏಜೆನ್ಸಿಗೆ ಹೇಳಿದೀನಿ, ಬೇರೆಯವರನ್ನ ಕಳಿಸ್ತಾರೆ. ನನಗೂ ಬೇಜಾರೇ. ಆದ್ರೆ ಇದು ವಿಜ್ಞಾನ, ಅಲ್ವಾ?”

“ಅವರು ಬೇಕೂಂತ ಮಾಡಿದ್ದಲ್ಲ ಸರ್” ಅಂದಳು ಪೂರ್ವಿ. ಅವಳ ಮೂರು ವರ್ಷ ಹೋಗಿತ್ತು, ಹೆಸರು ಕೆಡುವುದಿತ್ತು, ಅವಳು ಮಲ್ಲಣ್ಣನ ಪರ ಮಾತಾಡುತ್ತಿದ್ದಳು. ಅವಳನ್ನು ತಿರಸ್ಕಾರದಿಂದ ನೋಡಲು ಶಾಂತಕುಮಾರ ಪ್ರಯತ್ನಪಟ್ಟ. ಅದೊಂದು ಅವನಿಗೆ ಸುಲಭವಾಗಿ ಬರುತ್ತಿದ್ದ ವಿದ್ಯೆ, ಈಗ ಕೈಕೊಟ್ಟಿತು.

“ಹಚ್ಚಿದವ ನಾನು” ಅಂದ.

ಯಶವಂತರು ಕನ್ನಡಕ ತೆಗೆದರು.

“ಏನಂದ್ರಿ?”

“ಅರಿಶಿನ ಹಚ್ಚಿದವ ನಾನ್ರಿ. ಮಲ್ಲಣ್ಣ ಅಲ್ಲ. ಹನ್ನೆರಡರ ನೀರು ಹಾಕಲಿಕ್ಕೆ ಬಂದಾಗ ಹಚ್ಚಿದೆ.”

ಹೇಳಿ ಆಯಿತು. ನಗು ಬರಲಿ ಎಂದು ಕಾದ. ನಗು ಬಂತು, ಆದರೆ ಅವನು ಕಾದಿದ್ದ ನಗುವಲ್ಲ. ಯಶವಂತರು ತಲೆಯಾಡಿಸುತ್ತ, ಮಮತೆಯಿಂದ, ಚಿಕ್ಕ ಮಗು ಏನೋ ಹೇಳಿದ ಹಾಗೆ ನಕ್ಕರು. “ಶಾಂತಕುಮಾರ್, ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿದ್ದೆ. ನೀವು? ಗಣಪತಿ ಪ್ರಸಾದ ಮುಟ್ಟದವರು? ಇಪ್ಪತ್ತು ವರ್ಷದಿಂದ ಆ ಮನುಷ್ಯನನ್ನ ಬಾಗಿಲಿಂದಲೇ ಓಡಿಸಿದವರು?”

“ಖರೇನ ನಾನ ಹಚ್ಚೇನ್ರಿ.”

“ನಿಮ್ಮ ಕಡೆಯವನು ಅಂತ ನಿಮಗೆ ಕರುಳು ಚುರುಕ್ ಅನ್ನುತ್ತೆ. ಅರ್ಥ ಆಗುತ್ತೆ. ದೊಡ್ಡತನ ಅದು. ಆದ್ರೆ ಸುಳ್ಳು ವರದಿ ನಾನು ಬರೆಯೋಕಾಗಲ್ಲ.”

ಪೂರ್ವಿ ಅವನ ಕಡೆ ತಿರುಗಿದ್ದಳು. “ಶನಿವಾರ ನೀವೇ ಮಲ್ಲಣ್ಣ ಇರಬಹುದು ಅಂದಿದ್ರಿ ಸರ್” ಅಂದಳು, ಆರೋಪದ ದನಿಯಲ್ಲಿ ಅಲ್ಲ. “ಕೆಲಸ ಹೋಗ್ತದೆ ಅಂತ ಗೊತ್ತಾದ ಮೇಲೆ ಹೀಗೆ ಹೇಳ್ತಿದ್ದೀರಿ. ನನಗೆ ಇಷ್ಟು ಧೈರ್ಯ ಇಲ್ಲ ಸರ್.” ಅವಳ ಕಣ್ಣು ತುಂಬಿದ್ದವು. ಇಪ್ಪತ್ತೆರಡು ವರ್ಷದಲ್ಲಿ ಆ ಕಟ್ಟಡದಲ್ಲಿ ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಹದಿನಾರು ಪ್ರಬಂಧಗಳ ಕೊನೆಯ ಪುಟವನ್ನೆಲ್ಲ ಸೇರಿಸಿದರೂ ಆ ನೋಟದ ತೂಕ ಬರುತ್ತಿರಲಿಲ್ಲ.

ಅವನು ಇನ್ನೊಂದು ಮಾತು ಹೇಳಬೇಕಿತ್ತು, ಸ್ಪಿರಿಟ್ಟಿನ ಮಾತು. ಅರಿಶಿನ ತೂತಿನ ಅಂಚಿನಲ್ಲಿ ಮಾತ್ರ ಯಾಕಿದೆ, ಮೇಲೆ ಯಾಕಿಲ್ಲ, ಒಳಗೆ ಹೇಗೆ ಇಳಿಯಿತು ಎಂದು ಪೂರ್ವಿಗೆ ಇನ್ನೂ ಬಗೆಹರಿದಿರಲಿಲ್ಲ. ಒರೆಸಿದವನಿಗೆ ಮಾತ್ರ ಗೊತ್ತಿರುವ ಸಂಗತಿ ಅದು. ಹೇಳಿದರೆ ಅವಳು ಒಂದೇ ಕ್ಷಣದಲ್ಲಿ ಹಿಡಿಯುತ್ತಾಳೆ, ನಂಬುತ್ತಾಳೆ, ಆಗ ಆ ಕಣ್ಣು ಬೇರೆ ಥರ ನೋಡುತ್ತದೆ. ಮಾತು ನಾಲಿಗೆಯ ತುದಿಗೆ ಬಂದು ಕೂತಿತು. ಯಶವಂತರು ಚಹದ ಕಪ್ಪು ಅವನ ಮುಂದೆ ಸರಿಸಿದರು. ಇಪ್ಪತ್ತೆರಡು ವರ್ಷದಲ್ಲಿ ಅದೂ ಮೊದಲ ಸಲ. ನಾನು ಹೇಳಿದೆನಲ್ಲ, ಎರಡು ಸಲ ಹೇಳಿದೆ, ಅವರೇ ನಂಬಲಿಲ್ಲ, ಇನ್ನು ನನ್ನ ತಪ್ಪೇನು ಎಂದು ಒಳಗಿನಿಂದ ಯಾರೋ ವಕೀಲ ಎದ್ದು ನಿಂತ. ಆ ವಕೀಲನ ಮುಖದ ಮೇಲೆ ಉಗುಳಬೇಕು ಅನ್ನಿಸಿತು ಶಾಂತಕುಮಾರನಿಗೆ. ಬಸ್ಸಿನ ಬಾಗಿಲಲ್ಲಿ ಮುದುಕಿಯನ್ನು ತಳ್ಳಿದವನನ್ನು ಕಂಡೂ, ಮಾದಾಪುರ ಮುಟ್ಟಿದೆ ಅಂದವನನ್ನು ಕಂಡೂ ಇಷ್ಟು ಹೇಸಿಗೆ ಪಟ್ಟಿರಲಿಲ್ಲ ಅವನು. ಚಹ ಕುಡಿದ. ಏಲಕ್ಕಿ ಹಾಕಿದ್ದರು, ಚೆನ್ನಾಗಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಏಜೆನ್ಸಿಯವನು ಬಂದು ಮಲ್ಲಣ್ಣನ ಕೈಯಿಂದ ಕೀಲಿಗೊಂಚಲು, ಗುರುತಿನ ಚೀಟಿ ಇಸಿದುಕೊಂಡ. ಕೋಣೆಗೆ ಎಂಟು ದಿನ ವಾಯಿದೆ. ಸುಂದರಾಬಾಯಿ ಜನರೇಟರ್ ಕಟ್ಟೆಯ ಮೇಲೆ ಕೂತು ಪಾತ್ರೆಗಳನ್ನು ಹಳೆ ಸೀರೆಯಲ್ಲಿ ಕಟ್ಟುತ್ತಿದ್ದುದು ನಾಲ್ಕನೇ ಲ್ಯಾಬಿನ ಕಿಟಕಿಯಿಂದ ಕಾಣುತ್ತಿತ್ತು. ಇನ್ನೂ ಹೊತ್ತಿತ್ತು, ಇಳಿದು ಹೋಗಿ ಯಶವಂತರ ಬಾಗಿಲು ತಟ್ಟಬಹುದಿತ್ತು. ಅವನು ಮೆಟ್ಟಿಲ ತನಕ ಬಂದ. ಮೆಟ್ಟಿಲು ಹತ್ತಿ ಮಲ್ಲಣ್ಣನೇ ಬರುತ್ತಿದ್ದ, ಏದುಸಿರು ಬಿಡುತ್ತ. ಶಾಂತಕುಮಾರ ಅಲ್ಲೇ ನಿಂತ. ಗೊತ್ತಾಗಿದೆ ಇವನಿಗೆ, ಅವತ್ತು ಕಾರಿಡಾರಿನಲ್ಲಿ ಸದ್ದು ಮಾಡಿದವನು ಇವನೇ, ಈಗ ಎಲ್ಲರ ಎದುರಿಗೆ ಕೊರಳಪಟ್ಟಿ ಹಿಡಿಯುತ್ತಾನೆ. ಹಿಡಿಯಲಿ, ಹಿಡಿದುಬಿಡಲಿ ಎಂದು ಮನಸ್ಸು ಬೇಡಿಕೊಂಡಿತು.

ಮಲ್ಲಣ್ಣ ಒಂದು ಮೆಟ್ಟಿಲು ಕೆಳಗೇ ನಿಂತ. “ಸಾಹೇಬ್ರ, ಪೂರ್ವಿ ಮೇಡಮ್ಮಾರು ಹೇಳಿದ್ರು. ನನ್ನ ಸಲುವಾಗಿ ನೀವು ನಿಮ್ಮ ತಲಿಮ್ಯಾಲ ಹಾಕ್ಕೊಳ್ಳಾಕ ಹೋಗಿದ್ರಂತ. ಇಷ್ಟು ವರ್ಷ ನಿಮ್ಮನ್ನ ಭಾಳ ಸೊಕ್ಕಿನ ಮನಷ್ಯಾ ಅಂತ ತಿಳಕೊಂಡಿದ್ದೆ ನಾನು. ಮನ್ಯಾಗ ಹೆಂಡತಿ ಮುಂದ ಬೈತಿದ್ದೆ. ತಪ್ಪಾತ್ರಿ.” ಬಗ್ಗಿ ಕಾಲು ಮುಟ್ಟಲು ಬಂದ. ಅವನು ಶಾಂತಕುಮಾರನಿಗಿಂತ ಹತ್ತು ವರ್ಷ ದೊಡ್ಡವನು.

ಶಾಂತಕುಮಾರ ಅವನ ಎರಡೂ ಭುಜ ಹಿಡಿದು ಎತ್ತಿದ.

“ಇರಲಿ ಬಿಡು ಮಲ್ಲಣ್ಣ” ಅಂದ. “ಮನಷ್ಯಾ ಅಂದಮ್ಯಾಲ ಮನಷ್ಯಾಗ ಆಗಬೇಕಲಾ.”

ದನಿ ಎಲ್ಲೂ ನಡುಗಲಿಲ್ಲ. ಅವನ ಕಿವಿಗೂ ಅದು ಚೆನ್ನಾಗಿಯೇ ಕೇಳಿಸಿತು.